ಕೋಡ್ ಸರಿ ಇದೆ, ಪ್ಯಾಚ್ ಯಾಕೆ ವಾಪಸ್ ಬಂತು?

ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಆಫೀಸಿನಲ್ಲಿ ಲಿನಕ್ಸ್ ಕರ್ನಲ್‌ನ ಈಥರ್ನೆಟ್ ಡ್ರೈವರ್ (ನೆಟ್‌ವರ್ಕ್ ಕಾರ್ಡ್ ನಡೆಸುವ ಕೋಡ್) ಕೆಲಸ ನಡೆಯುತ್ತದೆ. ಹೊಸದಾಗಿ ಸೇರಿದ ಹುಡುಗರಿಗೆ ಸಿ ಭಾಷೆ ಚೆನ್ನಾಗಿಯೇ ಬರುತ್ತದೆ. ಅವರು ಎಡವುವುದು ಪ್ಯಾಚ್, ಅಂದರೆ ಕೋಡಿನ ಬದಲಾವಣೆ, ಮೇಲ್‌ನಲ್ಲಿ ಕಳಿಸುವಾಗ.

ಮೊನ್ನೆ ಒಬ್ಬ ಮುಖ ಸಣ್ಣ ಮಾಡಿಕೊಂಡು ಬಂದ. "ಸರ, ಪ್ಯಾಚ್ ಕಳಿಸಿದ್ನಿರಿ. ನೆಟ್-ನೆಕ್ಸ್ಟ್ ಬಂದ್ ಐತಿ, ಆಮ್ಯಾಲೆ ಕಳಿಸು ಅಂತ ಉತ್ತರ ಬಂತ್ರಿ. ಕೋಡ್ ಬಗ್ಗೆ ಒಂದ್ ಮಾತೂ ಇಲ್ರಿ."

ಕೋಡ್ ನೋಡುವ ಹಂತಕ್ಕೆ ಅದು ಹೋಗಿಯೇ ಇರಲಿಲ್ಲ. ನೆಟ್‌ವರ್ಕಿಂಗ್‌ಗೆ ಎರಡು ಟ್ರೀ (ಕರ್ನಲ್ ಕೋಡಿನ ಭಂಡಾರ) ಇವೆ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಟ್ರೀಯಲ್ಲಿ ಈಗಾಗಲೇ ಇರುವ ಕೋಡಿನ ಬಗ್ ಸರಿಮಾಡಿದರೆ ಅದು 'ನೆಟ್'ಗೆ, ಹೊಸ ಫೀಚರ್ ಆದರೆ 'ನೆಟ್-ನೆಕ್ಸ್ಟ್'ಗೆ. ಯಾವುದಕ್ಕೆ ಅಂತ ಸಬ್ಜೆಕ್ಟ್ ಸಾಲಿನಲ್ಲೇ ಬರೆಯಬೇಕು. ಹೊಸ ಕರ್ನಲ್ ಬಿಡುಗಡೆ ಆದ ಮೇಲೆ ಸುಮಾರು 2 ವಾರ ಮರ್ಜ್ ವಿಂಡೋ (ಹೊಸ ಕೋಡ್ ಲೈನಸ್ ಟ್ರೀಗೆ ಸೇರುವ ಅವಧಿ) ಇರುತ್ತದೆ, ಅಷ್ಟು ದಿನ ನೆಟ್-ನೆಕ್ಸ್ಟ್ ಹೊಸದೇನನ್ನೂ ತೆಗೆದುಕೊಳ್ಳುವುದಿಲ್ಲ, ಆರ್‌ಸಿ1 (ಮುಂದಿನ ಕರ್ನಲ್ಲಿನ ಮೊದಲ ಪರೀಕ್ಷಾ ಆವೃತ್ತಿ) ಬಂದ ಸುಮಾರಿಗೆ ಮತ್ತೆ ತೆರೆಯುತ್ತದೆ. ಬಗ್ ಫಿಕ್ಸ್‌ಗೆ ಈ ತಡೆ ಇಲ್ಲ. ಬರೀ ಅಭಿಪ್ರಾಯ ಬೇಕಿದ್ದರೆ ಆರ್‌ಎಫ್‌ಸಿ ಅಂತ ಹಾಕಿ ಕಳಿಸಬಹುದು. ನಮ್ಮ ಆಫೀಸಿನ ಕ್ಯಾಲೆಂಡರಿನಲ್ಲಿ ಗಣೇಶ ಹಬ್ಬದ ರಜೆ ಪಕ್ಕದಲ್ಲೇ ಮರ್ಜ್ ವಿಂಡೋ ಕೂಡ ಗುರುತು ಹಾಕಿದ್ದೇವೆ.

ಇನ್ನೊಂದು ಜಗಳ ಗಾತ್ರದ್ದು. ಕ್ಲೈಂಟ್‌ಗೆ ಎಲ್ಲವೂ ಒಂದೇ ಸಲ ಹೋಗಬೇಕು. ಆದರೆ ಒಂದು ಸರಣಿಯಲ್ಲಿ 15ಕ್ಕಿಂತ ಜಾಸ್ತಿ ಪ್ಯಾಚ್ ಇರಬಾರದು ಅನ್ನುವುದು ನೆಟ್‌ವರ್ಕಿಂಗ್ ಟ್ರೀಗಳ ನಿಯಮ. ನನ್ನನ್ನು ಕೇಳಿದರೆ ಐದಾರೇ ಸಾಕು, ಓದುವವರೂ ಮನುಷ್ಯರೇ ಅಲ್ವಾ? ಪ್ರತಿ ಪ್ಯಾಚ್ ಹಾಕಿದ ಮೇಲೂ ಕರ್ನಲ್ ಕಂಪೈಲ್ ಆಗಬೇಕು. ಇಲ್ಲದಿದ್ದರೆ ಮುಂದೊಂದು ದಿನ ಯಾರೋ ಬಗ್ ಹುಡುಕಲು ಗಿಟ್ ಬೈಸೆಕ್ಟ್ (ಬಗ್ ಯಾವ ಪ್ಯಾಚಿನಿಂದ ಬಂತು ಅಂತ ಹುಡುಕುವ ಆಜ್ಞೆ) ಹಾಕಿ, ನಡುವೆ ಸಿಕ್ಕಿಕೊಂಡು ನಿಮ್ಮನ್ನೇ ಬೈಯುತ್ತಾರೆ.

ಯುರೋಪ್, ಅಮೆರಿಕದಿಂದ ರಿವ್ಯೂ ಬರುವ ಹೊತ್ತಿಗೆ ಇಲ್ಲಿ ರಾತ್ರಿ. ಹುಡುಗರಿಗೆ ಬೆಳಗಾಗುವುದರೊಳಗೆ ವಿ2, ಅಂದರೆ ತಿದ್ದಿದ ಎರಡನೇ ಆವೃತ್ತಿ, ಕಳಿಸುವ ಆತುರ. ಕನಿಷ್ಠ 24 ಗಂಟೆ ಬಿಡಬೇಕು. ಬೇರೆ ದೇಶದ ಇನ್ನೊಬ್ಬ ರಿವ್ಯೂವರ್ ಆಗಷ್ಟೇ ಎದ್ದು ವಿ1 ಓದುತ್ತಿರಬಹುದು. ವಿ2ರಲ್ಲಿ ಏನು ಬದಲಾಯಿತು ಅಂತ ಪ್ಯಾಚಿನ ಮೂರು ಅಡ್ಡಗೆರೆಯ (---) ಕೆಳಗೆ ಬರೆದರೆ ರಿವ್ಯೂವರ್‌ಗೆ ಕಾಣುತ್ತದೆ, ಗಿಟ್ ಇತಿಹಾಸಕ್ಕೆ ಸೇರುವುದಿಲ್ಲ. ಲೋಕಲ್ ವೇರಿಯಬಲ್‌ಗಳನ್ನು ಕೋಡಿನಲ್ಲಿ ಘೋಷಿಸುವಾಗ ಉದ್ದದ ಸಾಲು ಮೇಲೆ, ಗಿಡ್ಡದ್ದು ಕೆಳಗೆ ಅಂತ ಜೋಡಿಸಬೇಕು. ಇದು ನನಗೆ ಸ್ವಲ್ಪ ಅತಿ ಅನಿಸುತ್ತದೆ, ಆದರೂ ಸುಮ್ನೆ ಜೋಡಿಸುತ್ತೇನೆ.

ಹುಡುಗರಿಗೆ ನಾನು ಒತ್ತಿ ಹೇಳುವುದು ಮಾತ್ರ ಬೇರೆ: ಬೇರೆಯವರ ಪ್ಯಾಚ್ ಓದಿ. ಯಾಕುಬ್ ಕಿಚಿನ್ಸ್ಕಿ, ಪಾವ್ಲೊ ಅಬೇನಿಯಂಥ, ನೆಟ್‌ವರ್ಕಿಂಗ್ ಟ್ರೀ ನೋಡಿಕೊಳ್ಳುವ ಕೆಲವೇ ಮೇಂಟೇನರ್‌ಗಳು ಪ್ರಪಂಚದ ಎಲ್ಲ ಕಂಪನಿಗಳ ಪ್ಯಾಚ್ ನೋಡಬೇಕು. ಕಳಿಸುವವರೇ ರಿವ್ಯೂಗೂ ಕೈಜೋಡಿಸಲಿ ಅಂತ ಅವರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ನಮ್ಮಲ್ಲಿ ಶುಕ್ರವಾರ ಮಧ್ಯಾಹ್ನ ಆ ಕೆಲಸಕ್ಕೇ ಮೀಸಲು. ಆ ಹೊತ್ತನ್ನು ಯಾವ ಕ್ಲೈಂಟ್‌ಗೂ ಬಿಲ್ ಮಾಡಲು ಬರುವುದಿಲ್ಲ ಅಂತ ಮ್ಯಾನೇಜರ್ ಗೊಣಗುತ್ತಾರೆ, ಗೊಣಗಲಿ ಬಿಡಿ.