ಆರ್ಬ್ರೋತ್ ಕ್ಲಬ್ಬಿನ ಇತಿಹಾಸಪಟ: ಐದನೆಯ ತಿಂಗಳ ಟಿಪ್ಪಣಿ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿರುವ ಮೀನುಗಾರರ ಊರು ಆರ್ಬ್ರೋತ್. ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸವನ್ನು ಒಂದೇ ಉದ್ದನೆಯ ಪಟದ ಮೇಲೆ ಕನ್ನಡದಲ್ಲಿ ಬರೆದಿಡುವ ಕೆಲಸಕ್ಕೆ ಕೈಹಾಕಿ ಐದು ತಿಂಗಳಾಯಿತು. ಗ್ರಾಫ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಋತುವೊಂದಕ್ಕೆ 2 ಸೆಂಟಿಮೀಟರಿನಂತೆ, ಕ್ಲಬ್ಬು ಸ್ಕಾಟಿಷ್ ಲೀಗ್ ಸೇರಿದ 1921ರಿಂದ ಈಚೆಗೆ ಒಂದರ ಮೇಲೊಂದಿರುವ ಲೀಗುಗಳಲ್ಲಿ ಯಾವ ಯಾವ ಹಂತದಲ್ಲಿ ಆಡಿತು ಎಂಬುದನ್ನು ಕಂದುಗೆಂಪು ಶಾಯಿಯ ಗೆರೆಯಿಂದ ತೋರಿಸಬೇಕೆಂಬುದು ಯೋಜನೆ. ಕ್ಲಬ್ಬಿನ ಅಂಗಿಯ ಬಣ್ಣವೇ ಅದು.

ಈ ತಿಂಗಳು ಮುಂದಕ್ಕೆ ಹೋದದ್ದಕ್ಕಿಂತ ಹಿಂದಕ್ಕೆ ಬಂದದ್ದೇ ಹೆಚ್ಚು. 1975ರಿಂದ 1994ರವರೆಗಿನ 38 ಸೆಂಟಿಮೀಟರ್ ಗೆರೆಯನ್ನು ಪೂರ್ತಿ ಕಿತ್ತುಹಾಕಿ ಹೊಸ ಹಾಳೆ ಅಂಟಿಸಬೇಕಾಯಿತು. ತಪ್ಪು ನನ್ನದೇ. 1972ರಲ್ಲಿ ಬಡ್ತಿ ಪಡೆದ ಆರ್ಬ್ರೋತ್ 1975ರವರೆಗೆ, ಆಗ ಎಲ್ಲಕ್ಕಿಂತ ಮೇಲಿದ್ದ ಮೊದಲನೆಯ ಡಿವಿಷನ್ನಿನಲ್ಲಿತ್ತು. ಆ ಬಳಿಕದ ಐದು ಋತುಗಳಲ್ಲಿಯೂ ಅದು ಆಡಿದ್ದು ‘ಮೊದಲನೆಯ ಡಿವಿಷನ್’ ಎಂಬ ಹೆಸರಿನ ಲೀಗಿನಲ್ಲಿಯೇ. ಹೆಸರನ್ನು ನಂಬಿ ನಾನು ಗೆರೆಯನ್ನು ಮೇಲ್ಹಂತದಲ್ಲಿಯೇ ನೇರವಾಗಿ ಎಳೆದುಬಿಟ್ಟಿದ್ದೆ. ಆದರೆ 1975ರಲ್ಲಿ ಲೀಗನ್ನು ಹೊಸದಾಗಿ ಕಟ್ಟಿದಾಗ ಹತ್ತು ಕ್ಲಬ್ಬುಗಳ ಪ್ರೀಮಿಯರ್ ಡಿವಿಷನ್ ಎಲ್ಲಕ್ಕಿಂತ ಮೇಲೆ ಬಂದು ಕುಳಿತಿತ್ತು. ಹೀಗಾಗಿ ಮೊದಲನೆಯದೆಂದರೆ ಎರಡನೆಯ ಹಂತ, 1980ರಲ್ಲಿ ಕ್ಲಬ್ಬು ಇಳಿದುಹೋದ ಎರಡನೆಯದೆಂದರೆ ಮೂರನೆಯ ಹಂತ. 1994ರಲ್ಲಿ ಹತ್ತು ಹತ್ತು ಕ್ಲಬ್ಬುಗಳ ನಾಲ್ಕು ಲೀಗುಗಳಾದವು ಎಂದು ಬರೆಯಲು ಹೋದಾಗ ನನ್ನ ಪಟದಲ್ಲಿ ಮೂರೇ ಸಾಲುಗಳಿದ್ದುದರಿಂದ ಎಡವಟ್ಟು ಬಯಲಾಯಿತು. ಈಗ ಡಿವಿಷನ್ನಿನ ಹೆಸರನ್ನು ಪೆನ್ಸಿಲಿನಲ್ಲಿ ಚಿಕ್ಕದಾಗಿ ಬರೆದು, ಹಂತದ ಸಂಖ್ಯೆಯನ್ನು ಮಾತ್ರ ಶಾಯಿಯಲ್ಲಿ ಬರೆಯುತ್ತಿದ್ದೇನೆ.

ತಿದ್ದಿದ ಮೇಲೆ 1972ರಿಂದ 1975ರವರೆಗಿನ ಮೂರು ಋತುಗಳು ಪಟದಲ್ಲಿ ಎದ್ದು ಕಾಣುತ್ತವೆ. 1959ರಲ್ಲಿ ಮತ್ತು 1968ರಲ್ಲಿ ಮೇಲೆ ಹೋದಾಗಲೆಲ್ಲ ಒಂದೇ ಋತುವಿಗೆ ಕೆಳಗಿಳಿದಿದ್ದ ಕ್ಲಬ್ಬು ಈ ಸಲ ಕಾಲೂರಿ ನಿಂತಿತ್ತು. 1962ರಿಂದ 1980ರವರೆಗೆ, ಹದಿನೆಂಟು ವರ್ಷ, ಮ್ಯಾನೇಜರ್ ಆಗಿದ್ದವರು ಆಲ್ಬರ್ಟ್ ಹೆಂಡರ್ಸನ್ ಒಬ್ಬರೇ. 1974ರ ಫೆಬ್ರವರಿಯಲ್ಲಿ ಅವರ ತಂಡ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನಕ್ಕೆ ಹೋಗಿ, ಸ್ಕಾಟ್ಲೆಂಡಿನ ದೊಡ್ಡ ಕ್ಲಬ್ಬುಗಳಲ್ಲೊಂದಾದ ರೇಂಜರ್ಸನ್ನು 3-2ರಿಂದ ಸೋಲಿಸಿತು. ನನ್ನ ಮಟ್ಟಿಗೆ ಕ್ಲಬ್ಬಿನ ಇತಿಹಾಸದಲ್ಲಿ ದೊಡ್ಡ ಗೆಲುವು ಇದೇ.

ಆದರೆ ಪಟ ನೋಡಲು ಬಂದವರೆಲ್ಲ ಮೊದಲು ಕೇಳುವುದು ‘36 ಎಲ್ಲಿದೆ?’ ಎಂದು. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್ಪಿನ ಮೊದಲ ಸುತ್ತಿನಲ್ಲಿ ಅಬರ್ಡೀನಿನ ಬಾನ್ ಅಕಾರ್ಡ್ ತಂಡವನ್ನು ಆರ್ಬ್ರೋತ್ 36-0ಯಿಂದ ಸೋಲಿಸಿದ ಪಂದ್ಯವದು. ಅದು ಲೀಗಿನ ಪಂದ್ಯವೂ ಅಲ್ಲ, 1921ರ ಈಚಿನದೂ ಅಲ್ಲ. ಆದ್ದರಿಂದ ಪಟದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕಡೆಗೆ ಒತ್ತಾಯಕ್ಕೆ ಮಣಿದು, ಕ್ಲಬ್ಬು ಹುಟ್ಟಿದ 1878ರಿಂದ 1921ರವರೆಗಿನ ಕಾಲಕ್ಕೆ ಎಡಗಡೆ ಒಂದು ಬೇರೆ ಪಟ್ಟಿಯನ್ನು ಜೋಡಿಸಿದೆ. ಅರ್ಧ ಸಮಯಕ್ಕೇ 15-0 ಆಗಿತ್ತು; ಹದಿನೆಂಟರ ಹರೆಯದ ಜಾಕಿ ಪೆಟ್ರಿ ಒಬ್ಬನೇ 13 ಗೋಲು ಹೊಡೆದ. ಗೋಲುಕಂಬಗಳಿಗೆ ಬಲೆ ಕಟ್ಟುವ ಪದ್ಧತಿ ಇನ್ನೂ ಬಂದಿರಲಿಲ್ಲವಾದ್ದರಿಂದ ಪ್ರತಿ ಗೋಲಿಗೂ ಚೆಂಡನ್ನು ಹುಡುಕಿ ತರಬೇಕಿತ್ತು. ಬಲೆಯಿದ್ದಿದ್ದರೆ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ. ಅದೇ ದಿನ, ಅದೇ ಕಪ್ಪಿನಲ್ಲಿ, ಪಕ್ಕದೂರಿನ ಡಂಡೀ ಹಾರ್ಪ್ ತಂಡ ಅಬರ್ಡೀನ್ ರೋವರ್ಸನ್ನು 35-0ಯಿಂದ ಸೋಲಿಸಿತು. ಒಂದೇ ಒಂದು ಗೋಲಿನ ಅಂತರಕ್ಕೆ ಹಾರ್ಪ್ ಹೆಸರು ಮರೆಯಾಯಿತು. ಪಟ್ಟಿಯಲ್ಲಿ ಎರಡನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಬರೆದಿದ್ದೇನೆ.

ಆ ಪಟ್ಟಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದರ ಹಿಂದಿನ ವರ್ಷದ ಕಪ್ ಪಂದ್ಯ. 4-3ರಿಂದ ಸೋತ ರೇಂಜರ್ಸ್‌ನವರು ‘ಹಿತ್ತಿಲಲ್ಲಿ ಸೋತೆವು’ ಎಂಬರ್ಥದ ತಂತಿಯನ್ನು ಊರಿಗೆ ಕಳಿಸಿ, ಮೈದಾನವನ್ನು ಅಳೆದು, ಅಗಲ ನಿಯಮಕ್ಕಿಂತ ಒಂದು ಗಜಕ್ಕೂ ಕಡಿಮೆ ಕೊರತೆಯಿದೆ ಎಂದು ದೂರು ಕೊಟ್ಟು ಮರುಪಂದ್ಯ ಪಡೆದರು. ಅದನ್ನು 8-1ರಿಂದ ಗೆದ್ದರು. 1974ರ ಐಬ್ರಾಕ್ಸ್ ಚೌಕದಿಂದ ಈ ಚೌಕಕ್ಕೆ ಒಂದು ತೆಳು ದಾರವನ್ನು ಅಂಟಿಸಿದ್ದೇನೆ. ಇತಿಹಾಸಕಾರನಿಗೆ ಇದು ಸಲ್ಲದ ಕೆಲಸವೇ ಇರಬಹುದು, ಆದರೆ ಪಟ ನನ್ನದು.

ಗೇಫೀಲ್ಡ್ ಮೈದಾನದ ನಕ್ಷೆಯನ್ನು ಬಲತುದಿಯಲ್ಲಿ ಬರೆದಾಯಿತು. ಸಮುದ್ರ ಅದರ ಗೋಡೆಗೇ ತಾಗಿಕೊಂಡಿದೆ. ಬಿರುಗಾಳಿಯ ದಿನ ಅಲೆಯ ನೀರು ಗೋಡೆ ದಾಟಿ ಒಳಗೆ ಬೀಳುತ್ತದೆ. ಬಂದರಿಗೆ ದೋಣಿಗಳನ್ನು ಕರೆಯುತ್ತಿದ್ದ ಕೆಂಪು ದೀಪದಿಂದಲೇ ಈ ತಂಡದವರಿಗೆ ‘ರೆಡ್ ಲಿಖ್ಟೀಸ್’, ಅಂದರೆ ಕೆಂಪುದೀಪದವರು, ಎಂಬ ಅಡ್ಡಹೆಸರು ಬಂದದ್ದು.

ಉಳಿದಿರುವುದು 2021-22. ಹಗಲು ಬೇರೆ ಉದ್ಯೋಗ ಮಾಡಿ ಸಂಜೆ ಅಭ್ಯಾಸಕ್ಕೆ ಬರುವ ಆಟಗಾರರನ್ನಿಟ್ಟುಕೊಂಡು ಆಗಿನ ಮ್ಯಾನೇಜರ್ ಡಿಕ್ ಕ್ಯಾಂಬೆಲ್ ಎರಡನೆಯ ಹಂತದ ಪಟ್ಟವನ್ನೇ ಗೆಲ್ಲುವ ಹಂತಕ್ಕೆ ಬಂದಿದ್ದರು. ಏಪ್ರಿಲ್ 22ರಂದು ಕಿಲ್ಮಾರ್ನಾಕ್‌ನಲ್ಲಿ ಮುಂದಿದ್ದ ತಂಡ ಕೊನೆಯ ಗಳಿಗೆಗಳಲ್ಲಿ 2-1ರಿಂದ ಸೋತು ಪಟ್ಟ ಕಳೆದುಕೊಂಡಿತು. ಬಳಿಕ ಬಡ್ತಿಗಾಗಿ ನಡೆಯುವ ಹೆಚ್ಚುವರಿ ಪಂದ್ಯಗಳಾದ ಪ್ಲೇಆಫ್‌ನಲ್ಲಿ ಇನ್ವರ್ನೆಸ್ ವಿರುದ್ಧ ಪೆನಾಲ್ಟಿಗಳಲ್ಲಿ ಸೋತಿತು. ಒಂದು ಸ್ಥಾನಕ್ಕೆ 2 ಮಿಲಿಮೀಟರ್ ಎಂಬುದು ನನ್ನ ಅಳತೆ. ನನ್ನ ಹಳೆಯ ಪೆನ್ನಿನ ಗೆರೆಯ ದಪ್ಪವೇ ಅಷ್ಟಿರುವುದರಿಂದ ಆ ಋತುವಿನಲ್ಲಿ ಮೊದಲನೆಯ ಸ್ಥಾನಕ್ಕೂ ಎರಡನೆಯದಕ್ಕೂ ವ್ಯತ್ಯಾಸವೇ ಕಾಣುತ್ತಿಲ್ಲ. ಸೂಜಿಮೊನೆಯ ಪೆನ್ನು ತಂದ ಮೇಲೆ ಆ ಚೌಕಕ್ಕೆ ಶಾಯಿ ಹಾಕುತ್ತೇನೆ.