ಪುಕ್ಕಟೆ ಅನುವಾದವಾದರೂ ಕೇಳಿಯೇ ಕೈ ಹಾಕಬೇಕು

ದಾವಣಗೆರೆಯ ಪ್ರೆಸ್ಸೊಂದರಲ್ಲಿ ಡಿಟಿಪಿ ಕೆಲಸ ನನ್ನದು. ಮದುವೆ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ರಾತ್ರಿ ಊಟ ಆದ ಮೇಲೆ ಕಾಮಿಕ್ಸ್ ಪುಟಗಳಿಗೆ ಕನ್ನಡ ಕೂರಿಸುತ್ತೇನೆ. ಅದಕ್ಕೆ ಕಾಸಿಲ್ಲ, ನಾವೊಂದಿಷ್ಟು ಗೆಳೆಯರು ಪ್ರೀತಿಗೆ ಮಾಡುವುದು. ನಮ್ಮ ಮಕ್ಕಳು ಒಳ್ಳೆ ಚಿತ್ರಕಥೆಯನ್ನು ಕನ್ನಡದಲ್ಲೇ ಓದಬೇಕು ಅನ್ನುವ ಆಸೆ, ಅಷ್ಟೇ.

ಪ್ರೆಸ್ಸಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಕೆಲಸ ಕೊಟ್ಟ ಪಾರ್ಟಿ ಪ್ರೂಫ್ ನೋಡಿ ಸಹಿ ಹಾಕುವ ತನಕ ಅಚ್ಚಿನ ಪ್ಲೇಟ್ ಮಾಡುವ ಹಾಗಿಲ್ಲ. ಚುನಾವಣೆ ಕರಪತ್ರದ ಮೇಲಂತೂ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಹಾಗೆ ಹೇಳುತ್ತದೆ. ಯಾರು ಮಾಡಿದ್ದು, ಯಾರು ಒಪ್ಪಿದ್ದು, ಎರಡೂ ಗೊತ್ತಾಗಬೇಕು. ಸ್ವಯಂಸೇವೆಯ ಅನುವಾದದಲ್ಲೂ ಇದನ್ನು ಬಿಡಬಾರದು ಅಂತ ನನ್ನ ಹಟ.

ಒಂದು ಪುಟದ ಹಿಂದೆ ಎಷ್ಟು ದುಡಿಮೆ ಇರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕಲಾವಿದರ ಒಪ್ಪಿಗೆ ಪಡೆದು ಮಂಗಾ, ಅಂದರೆ ಜಪಾನಿ ಕಾಮಿಕ್ಸ್ ಮಾದರಿಯ ಒಂದು ಕಥೆ ಮಾಡುತ್ತಿದ್ದೇವೆ. ಜಪಾನಿ ಅಕ್ಷರಗಳು ಮೇಲಿಂದ ಕೆಳಕ್ಕೆ ಇಳಿಯುತ್ತವೆ, ಹಾಗಾಗಿ ಮಾತಿನ ಗುಳ್ಳೆಗಳೂ ಉದ್ದಕ್ಕೆ, ಕಿರಿದಾಗಿ ಇರುತ್ತವೆ. ಅದರೊಳಗೆ 'ಹೊರಟುಹೋಗಿಬಿಟ್ಟಿದ್ದಾನೆ' ಅಂತ ಕೂರಿಸಿ ನೋಡಿ! ಪದ ಒಡೆದರೆ ಓದೋಕೆ ಆಗಲ್ಲ. ಅಕ್ಷರ ಸಣ್ಣದು ಮಾಡಿದರೆ ಒತ್ತು ಕಾಣಲ್ಲ. ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಗುಳ್ಳೆಯ ಹೊರಗೆ, ಚಿತ್ರದ ಮೇಲೇ ಬರೆದ ಸದ್ದಿನ ಅಕ್ಷರ ಅಳಿಸಿದರೆ ಅಲ್ಲಿ ಬಿಳಿ ತೂತು ಉಳಿಯುತ್ತದೆ. ಅಡಿಯಲ್ಲಿ ಗೋಡೆ ಇತ್ತೋ, ಕೂದಲು ಇತ್ತೋ, ಗೆರೆ ಗೆರೆ ಎಳೆದು ತುಂಬಬೇಕು. ನಮ್ಮಲ್ಲಿ ಆ ಕೆಲಸ ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದ ಹುಡುಗಿಯದು. ಒಂದೇ ಪುಟಕ್ಕೆ ಇಡೀ ಸಂಜೆ ಹೋಗುವುದುಂಟು. ಅವಳ ಹೆಸರು ಪುಟದಲ್ಲಿ ಇರಬೇಕೋ ಬೇಡವೋ? ಇನ್ನು ಮೂಲ ಚಿತ್ರ ಬರೆದವರ ಪಾಲಿನ ದುಡಿಮೆ ಎಷ್ಟಿರಬೇಡ!

ಹೋದ ವರ್ಷ ಕಾಲೇಜಿನ ಹುಡುಗರು ಪೆನ್‌ಡ್ರೈವ್ ಹಿಡಿದುಕೊಂಡು ಪ್ರೆಸ್ಸಿಗೆ ಬಂದಿದ್ದರು. ಹೆಸರಾಂತ ಮಂಗಾ ಒಂದರ ಕನ್ನಡ ಅನುವಾದ. ಕಾಲೇಜು ಫೆಸ್ಟಿನಲ್ಲಿ ಸ್ಟಾಲ್ ಹಾಕಿ ಪ್ರಿಂಟಿಂಗ್ ಖರ್ಚಿಗೆ ಮಾರುತ್ತಾರಂತೆ. ಭಾಷೆ ಬಹಳ ಚೆನ್ನಾಗಿತ್ತು, ಓದಿ ಖುಷಿಯಾಯಿತು. ಆದರೆ ಅವರು ಇಂಗ್ಲಿಷಿಗೆ ಅನುವಾದಿಸುವ ಗುಂಪೊಂದು ಪುಕ್ಕಟೆ ಹಂಚಿದ ಪುಟಗಳನ್ನು ತೆಗೆದುಕೊಂಡು, ಆ ಗುಂಪಿನ ಹೆಸರಿನ ಪುಟ ಕಿತ್ತುಹಾಕಿ, ತಮ್ಮ ಹೆಸರು ಅಚ್ಚೊತ್ತಿದ್ದರು. ಒಂದು ಪುಟದ ಅಂಚಿನಲ್ಲಿ ಮಾತ್ರ 'ಇದು ಮಾರಾಟಕ್ಕಲ್ಲ' ಅನ್ನುವ ಇಂಗ್ಲಿಷ್ ಸಾಲು ಹಾಗೇ ಉಳಿದಿತ್ತು.

"ಅಣ್ಣಾ, ನಾವೇನು ಲಾಭ ಮಾಡ್ತಿಲ್ವಲ್ಲ. ಜಪಾನಿನವರು ದಾವಣಗೆರೆಗೆ ಬಂದು ಕೇಳ್ತಾರಾ?"

"ಕೇಳೋಕೆ ಬರಲ್ಲ ತಮ್ಮಾ. ಅದಕ್ಕೇ ನಾವೇ ಹೋಗಿ ಕೇಳಬೇಕು," ಅಂದೆ.

ಚಹಾ ತರಿಸಿ ಕೂರಿಸಿಕೊಂಡು ಹೇಳಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅನುವಾದ ಮಾಡುವ ಹಕ್ಕು ಕೃತಿಯ ಒಡೆಯರದ್ದು. ಭಾರತ, ಜಪಾನ್ ಎರಡೂ ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದಲ್ಲಿವೆ, ಹಾಗಾಗಿ ಅಲ್ಲಿನ ಪುಸ್ತಕಕ್ಕೆ ಇಲ್ಲೂ ರಕ್ಷಣೆ ಇದೆ. ಗೊತ್ತಿದ್ದೂ ಹಕ್ಕು ಮುರಿದರೆ 63ನೇ ಸೆಕ್ಷನ್ನಿನಲ್ಲಿ 3 ವರ್ಷದವರೆಗೆ ಜೈಲು ಇದೆ. ಅಚ್ಚು ಹಾಕಿದ ನಾವೂ ಅದರಲ್ಲಿ ಸಿಕ್ಕಿಕೊಳ್ಳುತ್ತೇವೆ. ಪುಕ್ಕಟೆ ಕೊಟ್ಟೆ ಅಂದಮಾತ್ರಕ್ಕೆ ಅದು ನಮ್ಮ ಸ್ವತ್ತಾಗುವುದಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗಾಗಬಾರದು.

ಹುಡುಗರ ಸಂಕಟ ನನಗೂ ಅರ್ಥವಾಗುತ್ತದೆ. ಷುಯೇಷಾ ಪ್ರಕಾಶನ 2019ರಲ್ಲಿ ತಂದ ಮಂಗಾ ಪ್ಲಸ್ ಆಪ್ ಮೊದಲು ಇಂಗ್ಲಿಷಿನಲ್ಲಿ ಶುರುವಾಯಿತು. ಆಮೇಲೆ ಸ್ಪ್ಯಾನಿಷ್, ಬೇರೆ ಭಾಷೆಗಳೂ ಸೇರಿದವು, ಕನ್ನಡದ ಸುದ್ದಿಯೇ ಇಲ್ಲ. ಕಾಯುತ್ತಾ ಕೂತರೆ ಓದುವ ವಯಸ್ಸೇ ದಾಟಿರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಅದನ್ನು ಪ್ರಕಾಶಕರಿಗೆ ಕಾಗದ ಬರೆದು ತಿಳಿಸಬೇಕು. ದುಡಿದವರ ಹೆಸರು ಅಳಿಸಿ ತೀರಿಸಿಕೊಳ್ಳುವುದಲ್ಲ.

ಒಪ್ಪಿಗೆ ಮೊದಲೇ ಕೊಟ್ಟಿಟ್ಟ ಕಾಮಿಕ್ಸೂ ಇವೆ. ಫ್ರಾನ್ಸಿನ ಡೇವಿಡ್ ರೆವೋಯ್ 2014ರಿಂದ ಬರೆಯುತ್ತಿರುವ 'ಪೆಪ್ಪರ್ ಅಂಡ್ ಕ್ಯಾರೆಟ್' ಅಂಥದ್ದು. ಪುಟ್ಟ ಮಾಟಗಾತಿ, ಅವಳ ಬೆಕ್ಕು. ಮೂಲದವರ ಹೆಸರು ಹಾಕಿದರೆ ಸಾಕು, ಅನುವಾದಿಸಬಹುದು, ಅಚ್ಚು ಹಾಕಿ ಮಾರಲೂಬಹುದು. ಮಾತಿನ ಗುಳ್ಳೆಗಳ ಫೈಲು ಚಿತ್ರದಿಂದ ಬೇರೆಯಾಗಿಯೇ ಸಿಗುತ್ತದೆ, ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ತೆರೆದು ನೇರ ಕನ್ನಡ ಹೊಡೆಯಬಹುದು. ನನ್ನಂಥವನಿಗೆ ಇದು ಹಬ್ಬ. ರ‍್ಯಾಂಡಲ್ ಮನ್ರೋ ಅವರ ಇಂಟರ್ನೆಟ್ ಕಾಮಿಕ್ 'ಎಕ್ಸ್‌ಕೆಸಿಡಿ' ಕೂಡ ಹಂಚಬಹುದು, ಆದರೆ ಮಾರುವ ಹಾಗಿಲ್ಲ. ಪರವಾನಗಿ ಪೂರ್ತಿ ಓದದೆ ಕೆಲಸ ಶುರು ಮಾಡಬೇಡಿ.

ಉಳಿದವರಿಗೆಲ್ಲ ಮೊದಲು ಪತ್ರ ಬರೆಯಬೇಕು. ನಾವು ಯಾರು, ಯಾವ ಭಾಷೆ, ಎಲ್ಲಿ ಹಾಕುತ್ತೇವೆ, ದುಡ್ಡು ತಗೊಳ್ಳುವುದಿಲ್ಲ, ಬೇಡ ಅಂದರೆ ಅದೇ ದಿನ ತೆಗೆಯುತ್ತೇವೆ. ಇಷ್ಟು ಸಾಕು. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಅಂದುಕೊಳ್ಳುವ ಹಾಗಿಲ್ಲ, ದಿನಾ ಮೆಸೇಜು ಹಾಕಿ ಪೀಡಿಸುವ ಹಾಗೂ ಇಲ್ಲ. ಬೇರೆ ಗುಂಪು ಮೂಲ ಅಕ್ಷರ ಅಳಿಸಿ ತೊಳೆದ ಪುಟ ಬೇಕಿದ್ದರೆ ಅವರನ್ನೂ ಕೇಳಬೇಕು. ಅಧಿಕೃತ ಕನ್ನಡ ಆವೃತ್ತಿ ಬಂದ ದಿನ ನಮ್ಮದನ್ನು ಇಳಿಸಿ, ಅದನ್ನು ಕೊಂಡು ಓದಿ ಅಂತ ನಾವೇ ಹೇಳಬೇಕು.

ಆ ಹುಡುಗರು ಮಂಗಾ ಫೈಲು ಬದಿಗಿಟ್ಟು ಇಬ್ಬರು ಸ್ವತಂತ್ರ ಕಲಾವಿದರಿಗೆ ಬರೆದರು. ಒಬ್ಬರಿಂದ ಉತ್ತರವೇ ಇಲ್ಲ, ಅವರದ್ದನ್ನು ಮುಟ್ಟಿಲ್ಲ. ಇನ್ನೊಬ್ಬರು ಒಪ್ಪಿದ್ದಾರೆ, ಅಚ್ಚಿಗೆ ಮುಂಚೆ ಪ್ರತಿ ಪುಟ ತೋರಿಸಬೇಕು ಅನ್ನುವ ಷರತ್ತಿನ ಮೇಲೆ. ಮುಕ್ತ ಪರವಾನಗಿಯ 'ಬಾಲೂ ತಮ್ಮ' ಅನ್ನುವ ಫಾಂಟು ಹಾಕಿ ನೋಡಿದೆವು. ಜೋರಾಗಿ ಕೂಗುವ ಮಾತಿಗೆ ಹೇಳಿ ಮಾಡಿಸಿದ ಹಾಗಿದೆ. ಪಿಸುಮಾತಿನ ಸಣ್ಣ ಗುಳ್ಳೆಯಲ್ಲಿ ಒತ್ತುಗಳು ಮೆತ್ತಿಕೊಳ್ಳುತ್ತವೆ, ಅಲ್ಲಿಗೆ ತೆಳುವಾದದ್ದು ಹುಡುಕುತ್ತಿದ್ದೇವೆ.