ಹಾಡುವವರ ಕೈಯಲ್ಲೇ ವಾದ್ಯ: ಅರೆಥಾ, 1967

ಹಾಡುತ್ತಲೇ ಹಾರ್ಮೋನಿಯಂ ನುಡಿಸುವ ಬೆಳಗಾವಿಯ ಭಜನಾ ಗಾಯಕರು ಅಮೆರಿಕದ ಗಾಯಕಿ ಅರೆಥಾ ಫ್ರಾಂಕ್ಲಿನ್ ಅವರ 1967ರ ಹಾಡುಗಳನ್ನು ಕಿವಿಗೊಟ್ಟು ಕೇಳಬೇಕು. ಡೆಟ್ರಾಯ್ಟಿನ ಚರ್ಚಿನಲ್ಲಿ ಹಾಡಿ ಬೆಳೆದ ಅವರು 1960ರಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿ ಸೇರಿದರು. ಕಂಪನಿಯವರು ಜಾಝ್ ಹಾಡಿಸಿದರು, ಪಿಟೀಲುಗಳ ಮೇಳ ಕೊಟ್ಟರು. ದೊಡ್ಡ ಹಿಟ್ ಮಾತ್ರ ಬರಲಿಲ್ಲ.

ನಂತರ ಸೇರಿದ ಅಟ್ಲಾಂಟಿಕ್ ಕಂಪನಿಯ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಆಕೆಯನ್ನೇ ಪಿಯಾನೊ ಮುಂದೆ ಕೂರಿಸಿದರು. ಉಳಿದ ವಾದಕರು ಆ ಕೈಯನ್ನು ಹಿಂಬಾಲಿಸಿದರು. ಗುಟ್ಟು ಇಷ್ಟೇ ಅನ್ನಬಹುದು. ಜನವರಿ 1967ರಲ್ಲಿ ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಒಂದು ಹಾಡು ಮುಗಿಯಿತು, ಎರಡನೆಯದು ಜಗಳದಿಂದಾಗಿ ಅರ್ಧಕ್ಕೇ ನಿಂತಿತು. ಆಮೇಲೆ ಅದೇ ವಾದಕರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಫೆಬ್ರುವರಿ 14ರಂದು ಮುದ್ರಣವಾದದ್ದು ಓಟಿಸ್ ರೆಡಿಂಗ್ ಬರೆದ ‘ರೆಸ್ಪೆಕ್ಟ್’. R-E-S-P-E-C-T ಎಂದು ಅಕ್ಷರ ಬಿಡಿಸಿ ಹಾಡುವ ಭಾಗ ಮೂಲದಲ್ಲಿ ಇರಲೇ ಇಲ್ಲ! ಜೂನ್‌ನಲ್ಲಿ ಅದು ಅಮೆರಿಕದಲ್ಲಿ 1ನೇ ಸ್ಥಾನಕ್ಕೇರಿತು, ಬ್ರಿಟನ್ನಿನಲ್ಲಿ ಮೊದಲ ಹತ್ತರೊಳಗೆ ಬಂತು. 1968ರಲ್ಲಿ ಪ್ಯಾರಿಸ್ಸಿನ ಒಲಿಂಪಿಯಾದ ಕಛೇರಿಯೂ ಆಲ್ಬಮ್ ಆಯಿತು.

ಬೆಳಗಾವಿಯ ಟಿಳಕವಾಡಿಯ ಕೋಣೆಯಲ್ಲಿ ಇದೇ ರೀತಿ ಹಾಡುತ್ತಲೇ ನುಡಿಸಿ ಮುದ್ರಿಸಲು ಹೊರಟರೆ ಹಾರ್ಮೋನಿಯಂ ದನಿ ಕಂಠದ ಮೈಕಿಗೂ ನುಗ್ಗುತ್ತದೆ. ಆಮೇಲೆ ಕಂಠದ ಶ್ರುತಿಯೊಂದನ್ನೇ ತಿದ್ದಲು ಹೋದರೆ ವಾದ್ಯದ ಸ್ವರವೂ ವಕ್ರವಾಗುತ್ತದೆ. ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕನ್ನು ಬಾಯಿಯಿಂದ 15–20 ಸೆಂ.ಮೀ. ದೂರದಲ್ಲಿ, ತುಸು ಕೆಳಗಿಟ್ಟು ಮೇಲ್ಮುಖವಾಗಿ ಓರೆ ಮಾಡಿ. ಅದರ ಬೆನ್ನು ಹಾರ್ಮೋನಿಯಂ ಕಡೆಗಿರಲಿ. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್ ಇದ್ದರೆ ಸಾಕು. ತಾರಸ್ಥಾಯಿಯಲ್ಲೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟಬಾರದು. ಫ್ಯಾನ್ ಬಂದ್. ತಗಡಿನ ಛಾವಣಿಯಾದರೆ ಜುಲೈ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಒಂದು ಸಾಲು ತಪ್ಪಿದರೆ ಇಡೀ ಚರಣವನ್ನೇ ಮತ್ತೆ ಹಾಡಿ.